ಒಂಬತ್ತು ವಾಕ್ಯ, ಒಂಬತ್ತು ದುಃಖ: ಒಂದು ಇಂಗ್ಲಿಷ್ ಮನವಿ ಪತ್ರದ ಪ್ರಕರಣ ಅಧ್ಯಯನ

ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಬೆಂಗಳೂರಿನ ಒಂದು ಕಂಪನಿಗೆ ಇಂಗ್ಲಿಷಿನಲ್ಲಿ ಮನವಿ ಬರೆಯುತ್ತದೆ. ಶೌಚಾಲಯ ಕಟ್ಟಿಸಿಕೊಡಿ, ಎರಡು ಕೊಠಡಿಯ ಚಾವಣಿ ರಿಪೇರಿ ಮಾಡಿಸಿಕೊಡಿ ಎಂಬುದು ಬೇಡಿಕೆ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ, ನಿಗದಿತ ಮಿತಿ ದಾಟಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಹಾಗಾಗಿ ಇಂಥ ಪತ್ರ ಬರೆಯುವ ಕೆಲಸ ಈಗ ಊರೂರಿನಲ್ಲೂ ಯಾರೋ ಒಬ್ಬರ ತಲೆಗೆ ಬರುತ್ತದೆ. ಬರೆಯುವವರಿಗೆ ಇಂಗ್ಲಿಷ್ ಗೊತ್ತಿರುತ್ತದೆ. ಆದರೆ ಕಷ್ಟ ಹೇಳಿಕೊಳ್ಳುವ ಇಂಗ್ಲಿಷ್ ಬೇರೆಯೇ ಒಂದು ವಿದ್ಯೆ.

ಇಲ್ಲಿ ಇಟ್ಟುಕೊಂಡಿರುವ ಪತ್ರ ಯಾವುದೋ ಒಂದು ಶಾಲೆಯದಲ್ಲ. ಇಂಥ ಕರಡುಗಳಲ್ಲಿ ಪದೇ ಪದೇ ಸಿಗುವ ತಪ್ಪುಗಳನ್ನು ಒಂದೇ ಹಾಳೆಗೆ ತಂದು ಕಟ್ಟಿದ ಮಾದರಿ. ಶಾಲೆಯ ಅಂಕಿಗಳೂ ಮಾದರಿಗಾಗಿ ಇಟ್ಟವೇ. ಉಲ್ಲೇಖಿಸುವ ಕಾಯ್ದೆ, ಮಾನದಂಡಗಳು ಮಾತ್ರ ನಿಜವಾಗಿ ಇರುವಂಥವು. ಕರಡು ಹೀಗಿದೆ:

"ರಿಗ್ರೆಟಬ್ಲಿ ವಿ ರಿಕ್ವೆಸ್ಟ್ ಯೂ ಟು ಹೆಲ್ಪ್ ಅವರ್ ಸ್ಕೂಲ್. ಸ್ಯಾಡ್ಲಿ ಅವರ್ ಸ್ಕೂಲ್ ಈಸ್ ಹ್ಯಾವಿಂಗ್ 214 ಚಿಲ್ಡ್ರನ್. ದಿ ಟಾಯ್ಲೆಟ್ಸ್ ಆರ್ ವೆರಿ ವೋಫುಲಿ ಲೆಸ್. ಟೂ ರೂಮ್ಸ್ ಆರ್ ಮಿಸರಬ್ಲಿ ಲೀಕಿಂಗ್ ಇನ್ ರೇನ್. ಲಾಸ್ಟ್ ಜುಲೈ ಒನ್ ಬಾಯ್ ವಾಸ್ ಗ್ರೀವಿಯಸ್ಲಿ ಇಂಜುರ್ಡ್ ಬೈ ಪ್ಲಾಸ್ಟರ್. ಅವರ್ ಟೀಚರ್ಸ್ ಆರ್ ಪೆಥೆಟಿಕಲಿ ಟೀಚಿಂಗ್ ಟೂ ಕ್ಲಾಸಸ್ ಇನ್ ಒನ್ ರೂಮ್. ಅವರ್ ಹೆಡ್‌ಮಾಸ್ಟರ್ ಎಕ್ಸ್‌ಪೈರ್ಡ್ ಸ್ಯಾಡ್ಲಿ ಇನ್ ನವೆಂಬರ್. ವಿ ಆರ್ ಮಿಸರಬ್ಲಿ ಫೇಲ್ಡ್ ಟು ಕಲೆಕ್ಟ್ ಮನಿ ಫ್ರಂ ವಿಲೇಜರ್ಸ್. ಸೋ ವಿ ವೋಫುಲಿ ನೀಡ್ ಯುವರ್ ಹೆಲ್ಪ್."

ಒಂಬತ್ತು ವಾಕ್ಯ, ಒಂದೊಂದರಲ್ಲೂ ಒಂದೊಂದು ದುಃಖದ ಕ್ರಿಯಾವಿಶೇಷಣ. ವ್ಯಾಕರಣದ ಬೇರೆ ತಪ್ಪುಗಳೂ ಇವೆ, ಆದರೆ ಓದುವವರು ಅವನ್ನು ದಾಟಿಕೊಂಡು ಹೋಗುತ್ತಾರೆ. "ಈಸ್ ಹ್ಯಾವಿಂಗ್" ಎಂದರೆ ಏನೂ ಕೆಡುವುದಿಲ್ಲ. ದುಃಖದ ಪದ ತಪ್ಪು ಜಾಗದಲ್ಲಿ ಕೂತರೆ ಮಾತ್ರ ಅರ್ಥವೇ ತಿರುಗುತ್ತದೆ. ಎರಡನೇ ವಾಕ್ಯವನ್ನೇ ನೋಡಿ. ಇಂಗ್ಲಿಷ್ ಬಲ್ಲವರ ಕಿವಿಗೆ ಅದು "ಅಯ್ಯೋ, ನಮ್ಮ ಶಾಲೆಯಲ್ಲಿ 214 ಮಕ್ಕಳಿದ್ದಾರಲ್ಲಾ" ಎಂದು ಕೇಳುತ್ತದೆ. ಒಂದು ಸರ್ಕಾರಿ ಶಾಲೆ ಹೆಮ್ಮೆಯಿಂದ ಹೇಳಬೇಕಾದ ಅಂಕಿಯೇ ಅಳುವಿಗೆ ಕಾರಣವಾಗಿಬಿಟ್ಟಿದೆ.

ತಪ್ಪು ಎಲ್ಲಿಂದ ಬಂತು

ಕನ್ನಡದಲ್ಲಿ ಕೊರತೆಯನ್ನು ಅಳೆಯುವ ಮಾತು ಬೇರೆ, ದುಃಖ ಪಡುವ ಮಾತು ಬೇರೆ. "ತೀರಾ ಕಡಿಮೆ", "ಏನೇನೂ ಸಾಲದು", "ಎಲ್ಲಿಗೂ ಸಾಲದು" ಎನ್ನುವಾಗ ನಾವು ಅಳತೆ ಹೇಳುತ್ತೇವೆ. ಇನ್ನೂ ಒತ್ತಿ ಹೇಳಬೇಕೆಂದರೆ "ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ" ಎನ್ನುತ್ತೇವೆ. ಅದರಲ್ಲೂ ಹೊಟ್ಟೆಯ ಗಾತ್ರ, ಮಜ್ಜಿಗೆಯ ಪ್ರಮಾಣ ಇದೆಯೇ ಹೊರತು ಅಳು ಇಲ್ಲ. ದುಃಖ ಹೇಳಬೇಕಾದರೆ "ಬೇಸರದ ಸಂಗತಿ ಎಂದರೆ" ಎಂದು ಪ್ರತ್ಯೇಕವಾಗಿ ಪೀಠಿಕೆ ಹಾಕುತ್ತೇವೆ. ಇಂಗ್ಲಿಷಿನಲ್ಲಿ ಇವೆರಡೂ ಒಂದೇ ಪದದೊಳಗೆ ಸೇರಿಕೊಂಡಿವೆ. "ವೋ" ಎಂದರೆ ಗೋಳು. ಹಳೆಯ ಇಂಗ್ಲಿಷಿನಲ್ಲಿ ಅದು ನಮ್ಮ "ಅಯ್ಯೋ" ಥರದ ಉದ್ಗಾರ. ಅದಕ್ಕೆ "ಫುಲ್", "ಲಿ" ಸೇರಿ "ವೋಫುಲಿ" ಆಯಿತು. ಹಿಂದೆ ಅದಕ್ಕೆ "ಗೋಳಾಡುತ್ತ" ಎಂಬ ಅರ್ಥವಿತ್ತು. ಇವತ್ತು ಹೆಚ್ಚಾಗಿ ಅದು "ಇರಬೇಕಾದ್ದಕ್ಕಿಂತ ತೀರಾ ಕೆಳಗೆ" ಎಂಬ ಅಳತೆಯ ಪದ, ಅದರ ಹಿಂದೆ ಒಂದಿಷ್ಟು ನಿಟ್ಟುಸಿರು.

ಇಂಗ್ಲಿಷ್–ಕನ್ನಡ ನಿಘಂಟು ತೆಗೆದರೆ ಈ ಗುಂಪಿನ ಮುಕ್ಕಾಲು ಪದಗಳಿಗೆ "ಶೋಚನೀಯವಾಗಿ", "ದುಃಖಕರವಾಗಿ" ಎಂಬ ಎರಡೇ ಉತ್ತರ ಸಿಗುತ್ತವೆ. ಹಾಗಾಗಿ "ವೋಫುಲಿ", "ಲ್ಯಾಮೆಂಟಬ್ಲಿ", "ಮಿಸರಬ್ಲಿ", "ಪೆಥೆಟಿಕಲಿ" ಎಲ್ಲವೂ ಒಂದೇ ಎಂದು ತಿಳಿದು, ಒಂದನ್ನೇ ಬಳಸಿದರೆ ಚೆನ್ನಾಗಿರುವುದಿಲ್ಲವೆಂದು ಬದಲಾಯಿಸಿ ಬದಲಾಯಿಸಿ ಹಾಕುತ್ತಾರೆ. ಕಂಪ್ಯೂಟರಿನ ಸಮಾನಾರ್ಥಕ ಪಟ್ಟಿಯೂ ಇದಕ್ಕೆ ಕುಮ್ಮಕ್ಕು ಕೊಡುತ್ತದೆ. ಆದರೆ ಈ ಪದಗಳು ಒಂದರ ಬದಲು ಒಂದು ನಿಲ್ಲುವಂಥವಲ್ಲ. ಒಂದು ಅಳತೆ ಹೇಳುತ್ತದೆ, ಇನ್ನೊಂದು ತಪ್ಪು ಹೊರಿಸುತ್ತದೆ, ಮತ್ತೊಂದು ಬೈಯುತ್ತದೆ.

ದುಃಖದ ಪದಕ್ಕೆ ಇಂಗ್ಲಿಷ್ ವಾಕ್ಯದಲ್ಲಿ ಮೂರು ಜಾಗ ಇವೆ ಎಂದು ತಿಳಿದರೆ ಅರ್ಧ ಗೊಂದಲ ಬಿಡುತ್ತದೆ. "ಸ್ಯಾಡ್ಲಿ" ಒಂದೇ ಪದ ಮೂರರಲ್ಲೂ ಕೂರುತ್ತದೆ. "ಶೀ ಸ್ಮೈಲ್ಡ್ ಸ್ಯಾಡ್ಲಿ" ಎಂದರೆ ಬೇಸರದ ನಗೆ ನಕ್ಕಳು, ದುಃಖ ಅವಳದು. "ಸ್ಯಾಡ್ಲಿ, ಶೀ ಲೆಫ್ಟ್" ಎಂದರೆ ಅವಳು ಹೊರಟುಹೋದದ್ದು ಬೇಸರದ ಸಂಗತಿ. ದುಃಖ ಹೇಳುತ್ತಿರುವವರದು, ಅವಳು ಖುಷಿಯಾಗಿಯೇ ಹೋಗಿರಬಹುದು. "ದ ಲೈಬ್ರರಿ ಈಸ್ ಸ್ಯಾಡ್ಲಿ ಲ್ಯಾಕಿಂಗ್ ಇನ್ ಕನ್ನಡ ಬುಕ್ಸ್" ಎಂದರೆ ಕನ್ನಡ ಪುಸ್ತಕಗಳು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ; ಇಲ್ಲಿ ಅದು ಅಳತೆ. ಯಾವ ಜಾಗದಲ್ಲಿದೆ ಎಂದು ಕಂಡುಹಿಡಿಯಲು "ಹೇಗೆ?" ಎಂದು ಕೇಳಿ, "ಎಷ್ಟರ ಮಟ್ಟಿಗೆ?" ಎಂದು ಕೇಳಿ. ಎರಡಕ್ಕೂ ಉತ್ತರ ಬರದಿದ್ದರೆ ಅದು ಇಡೀ ವಾಕ್ಯದ ಮೇಲಿನ ಮಾತು. ಅದನ್ನು ವಾಕ್ಯದ ತಲೆಗೆ ಒಯ್ದು ಮುಂದೆ ಅಲ್ಪವಿರಾಮ ಹಾಕಬೇಕು.

(ಒಂದು ಕುತೂಹಲದ ಸಂಗತಿ: "ಸ್ಯಾಡ್" ಪದಕ್ಕೆ ಮೂಲದಲ್ಲಿ ಹೊಟ್ಟೆ ತುಂಬಿದ, ಸಾಕಾದ ಎಂಬ ಅರ್ಥವಿತ್ತು. ಜರ್ಮನ್ ಭಾಷೆಯ "ಜಟ್" ಈಗಲೂ ಅದೇ ಅರ್ಥ ಕೊಡುತ್ತದೆ. ಸಾಕಾಗುವುದರಿಂದ ಭಾರ, ಭಾರದಿಂದ ಗಾಂಭೀರ್ಯ, ಅಲ್ಲಿಂದ ದುಃಖ ಎಂದು ಅರ್ಥ ಸರಿಯುತ್ತ ಬಂದು, ಈಗ "ಸ್ಯಾಡ್ಲಿ ಲ್ಯಾಕಿಂಗ್"ನಲ್ಲಿ ಸಾಲದ್ದನ್ನು ಹೇಳುವ ಕೆಲಸ ಮಾಡುತ್ತಿದೆ.)

ವೋಫುಲಿ: ಪಕ್ಕದಲ್ಲಿ ಅಂಕಿ ಬೇಡುವ ಪದ

ಮೂರನೇ ವಾಕ್ಯ ಈ ಪತ್ರದ ಜೀವ. ಹಣ ಬರುವುದಿದ್ದರೆ ಇದರಿಂದಲೇ ಬರಬೇಕು. "ದಿ ಟಾಯ್ಲೆಟ್ಸ್ ಆರ್ ವೆರಿ ವೋಫುಲಿ ಲೆಸ್" ಎಂಬಲ್ಲಿ ಮೂರು ತೊಡಕುಗಳಿವೆ.

"ವೆರಿ" ಬರುವಂತಿಲ್ಲ. "ವೋಫುಲಿ"ಯೇ ಅಳತೆಯ ತುದಿ ಮುಟ್ಟಿದ ಪದ. ಅದರ ಮೇಲೆ ಮತ್ತೊಂದು ಅಳತೆ ಹೇರಲಾಗದು. ನಾವು "ತುಂಬಾ ತೀರಾ ಕಡಿಮೆ" ಅನ್ನುವುದಿಲ್ಲವಲ್ಲ, ಹಾಗೆ. "ಲೆಸ್" ಎಂಬುದು ನಮ್ಮ "ಕಡಿಮೆ"ಯ ನೇರ ನೆರಳು. ಎಣಿಸಬಹುದಾದ ವಸ್ತುವಿಗೆ "ಫ್ಯೂ" ಬೇಕು. "ವೋಫುಲಿ ಫ್ಯೂ ಟಾಯ್ಲೆಟ್ಸ್" ಎಂದರೆ ಸರಿ. ಇನ್ನೂ ಒಪ್ಪುವ ಜೋಡಿ "ವೋಫುಲಿ ಇನಾಡಿಕ್ವೇಟ್".

ಮೂರನೆಯದು ವ್ಯಾಕರಣದ್ದಲ್ಲ, ನಂಬಿಕೆಯದ್ದು. "ವೋಫುಲಿ" ಯಾರ ಜೊತೆ ಓಡಾಡುತ್ತದೆ ನೋಡಿ: ಇನಾಡಿಕ್ವೇಟ್, ಇನ್‌ಸಫಿಶಿಯೆಂಟ್, ಶಾರ್ಟ್, ಅಂಡರ್‌ಫಂಡೆಡ್, ಅಂಡರ್‌ಸ್ಟಾಫ್ಡ್, ಅನ್‌ಪ್ರಿಪೇರ್ಡ್, ಇಗ್ನೊರೆಂಟ್, ಔಟ್‌ಡೇಟೆಡ್. ಎಲ್ಲವೂ "ಇಷ್ಟು ಇರಬೇಕಿತ್ತು, ಇಲ್ಲ" ಎನ್ನುವ ಪದಗಳು. ಒಳ್ಳೆಯದನ್ನು ಹೇಳುವ ಪದದ ಜೊತೆಗೆ, ಬರೀ ಬಣ್ಣ ಆಕಾರ ಹೇಳುವ ಪದದ ಜೊತೆಗೆ ಅದು ಹೋಗುವುದಿಲ್ಲ. ಅಂದಮೇಲೆ "ವೋಫುಲಿ" ಬರೆದ ಕೂಡಲೇ ಓದುವವರ ಮನಸ್ಸಿನಲ್ಲಿ ಏಳುವ ಪ್ರಶ್ನೆ: ಎಷ್ಟು ಇರಬೇಕಿತ್ತು? ಉತ್ತರ ಪಕ್ಕದಲ್ಲೇ ಇಲ್ಲದಿದ್ದರೆ ಪದ ಗೋಳಾಟವಾಗಿ ಕಾಣುತ್ತದೆ, ಇದ್ದರೆ ತೀರ್ಪಾಗುತ್ತದೆ.

ಈ ಶಾಲೆಯ ಲೆಕ್ಕ ಮಾಡೋಣ. 214 ಮಕ್ಕಳಲ್ಲಿ 118 ಹುಡುಗಿಯರು, 96 ಹುಡುಗರು. ಇರುವ ಶೌಚಾಲಯ ಮೂರು. ಒಂದಕ್ಕೆ ಬಾಗಿಲಿಲ್ಲ, ಆದ್ದರಿಂದ ಬಳಕೆಯಲ್ಲಿರುವುದು ಎರಡು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಹುಡುಗ–ಹುಡುಗಿಯರಿಗೆ ಪ್ರತ್ಯೇಕ ಶೌಚಾಲಯ ಇರಬೇಕು ಎನ್ನುತ್ತದೆ, ಎಷ್ಟು ಎಂದು ಹೇಳುವುದಿಲ್ಲ. 2014ರ ಸ್ವಚ್ಛ ವಿದ್ಯಾಲಯ ಅಭಿಯಾನದ ಮಾನದಂಡ ಲೆಕ್ಕ ಕೊಡುತ್ತದೆ: 40 ಮಕ್ಕಳಿಗೆ ಒಂದು ಘಟಕ, ಒಂದು ಘಟಕದಲ್ಲಿ ಒಂದು ಶೌಚಾಲಯ ಮತ್ತು ಮೂರು ಮೂತ್ರಾಲಯ. 118ನ್ನು 40ರಿಂದ ಭಾಗಿಸಿದರೆ ಹುಡುಗಿಯರಿಗೆ 3 ಘಟಕ ಬೇಕು. 96ಕ್ಕೆ ಎರಡೂವರೆ ಹತ್ತಿರ ಬರುತ್ತದೆ, ಅರ್ಧ ಕಟ್ಟಲಾಗದ್ದರಿಂದ ಅಲ್ಲೂ 3. ಒಟ್ಟು 6 ಇರಬೇಕಾದ ಕಡೆ 2 ಇವೆ. ಈಗ "ವೋಫುಲಿ ಇನಾಡಿಕ್ವೇಟ್" ಬರೆಯಲು ಶಾಲೆಗೆ ಪೂರ್ತಿ ಹಕ್ಕಿದೆ. ಅಂಕಿ ಮೊದಲು, ಪದ ಆಮೇಲೆ. ಈ ಕ್ರಮ ತಿರುಗಿಸಿದರೆ ಅರ್ಧ ಬಲ ಹೋಗುತ್ತದೆ, ಏಕೆಂದರೆ ಓದುವವರು ಮೊದಲು ಪದವನ್ನು ಅನುಮಾನಿಸಿ ಆಮೇಲೆ ಅಂಕಿಗೆ ಬರುತ್ತಾರೆ.

ಕೊರತೆ ಇಷ್ಟು ದೊಡ್ಡದಲ್ಲದಿದ್ದರೆ? ಆರು ಬೇಕಾದಲ್ಲಿ ಐದಿದ್ದರೆ "ವೋಫುಲಿ" ಸುಳ್ಳಾಗುತ್ತದೆ. ಬರೀ "ನಾಟ್ ಎನಫ್" ಸಾಕು. ಅಕ್ಕಪಕ್ಕದ ಬೇರೆ ಪದಗಳೂ ಇವೆ. "ಗ್ರಾಸ್ಲಿ ಇನಾಡಿಕ್ವೇಟ್" ಎಂಬುದು ವಕೀಲರ, ಆಡಿಟ್ ವರದಿಗಳ ಭಾಷೆ. ಅದರಲ್ಲಿ ದುಃಖವಿಲ್ಲ, ಯಾರೋ ಕರ್ತವ್ಯ ತಪ್ಪಿದ್ದಾರೆ ಎಂಬ ಆರೋಪವಿದೆ. "ಸಿವಿಯರ್ಲಿ" ಹಾನಿಗೆ ಹೊಂದುತ್ತದೆ, "ಸಿವಿಯರ್ಲಿ ಡ್ಯಾಮೇಜ್ಡ್ ರೂಫ್" ಎಂಬಂತೆ. ಭಾವವಿಲ್ಲದ, ಎಂಜಿನಿಯರ್ ಬರೆಯಬಹುದಾದ ಪದ. "ಅಬಿಸ್ಮಲಿ" ಎಂದರೆ ಪಾತಾಳ ಮುಟ್ಟಿದ ಮಟ್ಟ. ಗುಣಮಟ್ಟಕ್ಕೆ, ಫಲಿತಾಂಶಕ್ಕೆ ಬಳಸಬೇಕು, ಸಂಖ್ಯೆಗೆ ಅಲ್ಲ. "ಡಿಪ್ಲೊರಬ್ಲಿ" ಮತ್ತು "ಲ್ಯಾಮೆಂಟಬ್ಲಿ" ಎರಡೂ ನಮ್ಮ "ಶೋಚನೀಯವಾಗಿ"ಗೆ ಹತ್ತಿರದವು. "ಅಬಲ್" ಎಂಬ ಬಾಲ ನಮ್ಮ "ಅನೀಯ" ಇದ್ದಂತೆ, ತಕ್ಕದ್ದು ಎಂಬ ಅರ್ಥ. ಆದರೆ "ಡಿಪ್ಲೊರಬ್ಲಿ"ಯಲ್ಲಿ ಖಂಡನೆ ಇದೆ. "ಡಿಪ್ಲೊರಬ್ಲಿ ನೆಗ್ಲೆಕ್ಟೆಡ್" ಎಂದು ಬರೆದರೆ ಇಲಾಖೆಯ ಮೇಲೆ ದೂರು ಕೊಟ್ಟಂತೆ. ಹಣ ಕೊಡುವ ಕಂಪನಿಗೆ ಇಲಾಖೆಯ ಜೊತೆ ಜಗಳ ಬೇಡ. ಅವರ ಕಡತ ಅಲ್ಲೇ ನಿಂತುಹೋಗುತ್ತದೆ.

ಕೊನೆಯ ವಾಕ್ಯದ "ವೋಫುಲಿ ನೀಡ್" ಇದೇ ಕಾರಣಕ್ಕೆ ಸಲ್ಲದು. ಬೇಕಾಗುವುದು ಕೊರತೆಯಲ್ಲ, ಬಯಕೆ. ಅದರ ಜೊತೆಗೆ "ಬ್ಯಾಡ್ಲಿ", "ಅರ್ಜೆಂಟ್ಲಿ", "ಡೆಸ್ಪರೇಟ್ಲಿ" ಬರುತ್ತವೆ. "ಡೆಸ್ಪರೇಟ್ಲಿ"ಯಲ್ಲಿ ಕೈಚೆಲ್ಲಿದ ಹತಾಶೆ ಇದೆ, ಪ್ರವಾಹ ಬಂದು ಮನೆ ಕೊಚ್ಚಿಹೋದಾಗ ಬರೆಯುವ ಪದ. ಶಾಲೆಯ ಚಾವಣಿಗೆ "ಬ್ಯಾಡ್ಲಿ ನೀಡ್" ಸಾಕು. ಆದರೆ "ಬ್ಯಾಡ್ಲಿ" "ನೀಡ್"ಗಿಂತ ಮುಂಚೆ ಬರಬೇಕು. "ವಿ ನೀಡ್ ಬ್ಯಾಡ್ಲಿ ರಿಪೇರ್ಡ್ ರೂಮ್ಸ್" ಎಂದುಬಿಟ್ಟರೆ ಕಳಪೆಯಾಗಿ ರಿಪೇರಿ ಮಾಡಿದ ಕೊಠಡಿಗಳೇ ನಮಗೆ ಬೇಕು ಎಂದಾಗುತ್ತದೆ. "ಸೋರ್ಲಿ ನೀಡೆಡ್" ಕೂಡ ಸರಿ, ಸ್ವಲ್ಪ ಹಳೆಯ ಕಾಲದ ಗತ್ತು. "ಸೋರ್" ಎಂದರೆ ನೋವು. ನಾವು ದಿನಕ್ಕೆ ಹತ್ತು ಸಲ ಹೇಳುವ "ಸಾರಿ" ಹುಟ್ಟಿದ್ದೂ ಈ "ಸೋರ್"ನಿಂದ, ನೋಡಲು ಹತ್ತಿರವಿರುವ "ಸಾರೋ"ದಿಂದ ಅಲ್ಲ.

ಗ್ರೀವಸ್ಲಿ: ಕಾನೂನು ಒಳಗೆ ಬರುವ ಜಾಗ

ಐದನೇ ವಾಕ್ಯ ಓದಲು ಸಾಧುವಾಗಿದೆ, ಅಪಾಯ ಅದರಲ್ಲೇ ಹೆಚ್ಚು. ಚಾವಣಿಯ ಗಾರೆ ಕಳಚಿ ಹುಡುಗನ ಹಣೆಗೆ ಬಿತ್ತು, ಮೂರು ಹೊಲಿಗೆ ಹಾಕಿದರು. ಬರೆದವರು ಕನ್ನಡ ಪತ್ರಿಕೆಯ "ತೀವ್ರವಾಗಿ ಗಾಯಗೊಂಡ"ವನ್ನು ಇಂಗ್ಲಿಷಿಗೆ ತಂದರು, "ಗ್ರೀವಸ್ಲಿ ಇಂಜುರ್ಡ್" ಆಯಿತು. ಭಾರತದಲ್ಲಿ "ಗ್ರೀವಸ್ ಹರ್ಟ್" ಎಂಬುದಕ್ಕೆ ಕಾನೂನಿನ ವ್ಯಾಖ್ಯೆ ಇದೆ. ಭಾರತೀಯ ದಂಡ ಸಂಹಿತೆಯ 320ನೇ ಕಲಂನಲ್ಲಿ ಇದ್ದದ್ದು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಂಗೆ ಬಂದಿದೆ. ಮೂಳೆ ಅಥವಾ ಹಲ್ಲು ಮುರಿಯುವುದು, ಕಣ್ಣು ಕಿವಿ ಶಾಶ್ವತವಾಗಿ ಹೋಗುವುದು, ತಲೆ ಮುಖ ಶಾಶ್ವತವಾಗಿ ವಿಕಾರವಾಗುವುದು, ಜೀವಕ್ಕೆ ಅಪಾಯ ತರುವ ಗಾಯ, ಇಂಥವು ಅದರಡಿ ಬರುತ್ತವೆ. ತೀವ್ರ ನೋವಿನಿಂದ ಅಥವಾ ದಿನನಿತ್ಯದ ಕೆಲಸ ಮಾಡಲಾಗದೆ ಇರಬೇಕಾದ ಅವಧಿ ಹಳೆಯ ಕಾನೂನಿನಲ್ಲಿ 20 ದಿನವಿತ್ತು, ಹೊಸದರಲ್ಲಿ 15 ದಿನ.

ಮೂರು ಹೊಲಿಗೆಯ ಗಾಯ ಇಷ್ಟು ದೂರ ಹೋಗುವುದಿಲ್ಲ. ಕಂಪನಿಯಲ್ಲಿ ಪತ್ರ ಕಾನೂನು ವಿಭಾಗದ ಮೇಜಿಗೂ ಹೋದರೆ, ದೂರು ದಾಖಲಾಗಿದೆಯೇ, ಗಾಯದ ಪ್ರಮಾಣಪತ್ರ ಎಲ್ಲಿ, ಶಾಲೆಯ ಮೇಲೆ ಪ್ರಕರಣ ಇದೆಯೇ ಎಂಬ ಪ್ರಶ್ನೆಗಳು ಏಳಬಹುದು. ಒಂದು ಕ್ರಿಯಾವಿಶೇಷಣದಿಂದ ತಿಂಗಳುಗಟ್ಟಲೆ ಪತ್ರ ವ್ಯವಹಾರ. ಇಲ್ಲಿ ದುಃಖದ ಪದವೇ ಬೇಡ. "ಫಾಲಿಂಗ್ ಪ್ಲಾಸ್ಟರ್ ಕಟ್ ಎ ಬಾಯ್ಸ್ ಫೋರ್‌ಹೆಡ್, ಹಿ ನೀಡೆಡ್ ತ್ರೀ ಸ್ಟಿಚಸ್." ಏಳು ವರ್ಷದ ಮಗುವಿನ ಹಣೆಯ ಮೇಲಿನ ಮೂರು ಹೊಲಿಗೆ ಓದುವವರ ಕಣ್ಣಿಗೆ ತಾನಾಗಿಯೇ ಕಾಣುತ್ತದೆ.

ಕನಿಕರ ತಿರಸ್ಕಾರವಾಗುವ ಪದಗಳು

"ಪಾಪ ಮೇಷ್ಟ್ರು, ಎರಡು ಕ್ಲಾಸನ್ನ ಒಂದೇ ರೂಮಲ್ಲಿ ಕೂರಿಸಿಕೊಂಡು ಒದ್ದಾಡ್ತಾರೆ." ಆರನೇ ವಾಕ್ಯ ಬರೆದವರ ಮನಸ್ಸಿನಲ್ಲಿ ಇದ್ದದ್ದು ಇದು. ಕಾಗದದ ಮೇಲೆ ಬಂದದ್ದು: ನಮ್ಮ ಶಿಕ್ಷಕರು ತೀರಾ ಹೀನಾಯವಾಗಿ ಪಾಠ ಮಾಡುತ್ತಾರೆ. "ಪೆಥೆಟಿಕ್" ಗ್ರೀಕಿನ "ಪೇಥೋಸ್"ನಿಂದ ಬಂದದ್ದು ನಿಜ, ಕರುಣೆ ಹುಟ್ಟಿಸುವ ಎಂಬ ಅರ್ಥವೂ ಇತ್ತು. ಇವತ್ತಿನ ಮಾತಿನಲ್ಲಿ ಅದು ಬಹುತೇಕ ಬೈಗುಳ. "ಪಿಟಿಫುಲಿ" ಅದಕ್ಕಿಂತ ಒಂದು ಮೆಟ್ಟಿಲು ಮೃದು, "ಪಿಟಿಫುಲಿ ಥಿನ್" ಎಂದರೆ ಕನಿಕರ ಬರುವಷ್ಟು ಬಡಕಲು. ಆದರೆ ಹಣದ ಜೊತೆ, ಕೆಲಸದ ಜೊತೆ ಬಂದರೆ ಅದೂ ಮೂಗು ಮುರಿಯುತ್ತದೆ. ನಮ್ಮ "ಪಾಪ"ದೊಳಗಿನ ಬೆಚ್ಚಗಿನ ಕನಿಕರಕ್ಕೆ ಸಮನಾದ ಕ್ರಿಯಾವಿಶೇಷಣ ಇಂಗ್ಲಿಷಿನಲ್ಲಿ ಹುಡುಕುವುದು ವ್ಯರ್ಥ. ಆ ಕೆಲಸವನ್ನು ಕ್ರಿಯಾಪದಕ್ಕೆ ಒಪ್ಪಿಸಬೇಕು. "ಒದ್ದಾಡು" ಎಂಬುದಕ್ಕೆ "ಸ್ಟ್ರಗಲ್" ಇದೆ: "ದೇರ್ ಟೀಚರ್ಸ್ ಸ್ಟ್ರಗಲ್ ಟು ಬಿ ಹರ್ಡ್." ಕಷ್ಟವೂ ಬಂತು, ಶಿಕ್ಷಕರ ಮರ್ಯಾದೆಯೂ ಉಳಿಯಿತು.

ಇಲ್ಲಿ ಶಾಲೆಯ ಒಳಗಿನವರು ಗಮನಿಸಬೇಕಾದ ಇನ್ನೊಂದು ವಿಷಯ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ–ಕಲಿ ಪದ್ಧತಿಯಲ್ಲಿ 1ರಿಂದ 3ನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು ಕಲಿಯುವುದು ಯೋಜನೆಯ ಭಾಗವೇ. ಅದನ್ನೇ ಗೋಳಾಗಿ ಬರೆದರೆ, ವಿಷಯ ಬಲ್ಲ ಅಧಿಕಾರಿ ಪತ್ರವನ್ನೇ ನಂಬುವುದಿಲ್ಲ. ಈ ಶಾಲೆಯ ನಿಜವಾದ ಕಷ್ಟ 6 ಮತ್ತು 7ನೇ ತರಗತಿಗಳು ಮಳೆಗಾಲದಲ್ಲಿ ಒಂದೇ ಕೊಠಡಿ ಹಂಚಿಕೊಳ್ಳುವುದು. ಎರಡಕ್ಕೂ ಬೇರೆ ಬೇರೆ ಗಣಿತ, ಬೇರೆ ಬೇರೆ ವಿಜ್ಞಾನ. ತರಗತಿಯ ಸಂಖ್ಯೆ ಬರೆದರೆ ಮಾತ್ರ ದುಃಖಕ್ಕೆ ಆಧಾರ ಸಿಗುತ್ತದೆ.

"ಮಿಸರಬ್ಲಿ" ಎರಡು ಸಲ ಬಂದಿದೆ. "ಮಿಸರಬ್ಲಿ ಲೀಕಿಂಗ್" ಎಂಬ ಜೋಡಿ ಇಂಗ್ಲಿಷಿನಲ್ಲಿ ಇಲ್ಲ. ಚಾವಣಿ "ಲೀಕ್ಸ್ ಬ್ಯಾಡ್ಲಿ", ಅದರ ಪಕ್ಕ "ಸೋ... ದಟ್" ಹಾಕಿ ಪರಿಣಾಮ ಹೇಳಬೇಕು: ಎಷ್ಟು ಸೋರುತ್ತದೆಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಠಡಿ ಖಾಲಿ. "ಮಿಸರಬ್ಲಿ" ಗಟ್ಟಿಯಾಗಿ ನಿಲ್ಲುವ ಜಾಗ "ಫೇಲ್" ಪಕ್ಕ. "ಫೇಲ್ಡ್ ಮಿಸರಬ್ಲಿ" ಎಂದರೆ ನಮ್ಮ "ಸೋತು ಸುಣ್ಣವಾಯಿತು"ಗೆ ಹೆಚ್ಚುಕಡಿಮೆ ಸರಿಸಾಟಿ.

ಹಾಗಾದರೆ ಎಂಟನೇ ವಾಕ್ಯ ಸರಿಯೇ? ವ್ಯಾಕರಣದಲ್ಲಿ "ಆರ್ ಫೇಲ್ಡ್" ಹೋಗಿ "ಹ್ಯಾವ್ ಫೇಲ್ಡ್" ಆಗಬೇಕು, ಅಷ್ಟೇ. ಆದರೆ ಆ ವಾಕ್ಯವೇ ಈ ಪತ್ರದ ದೊಡ್ಡ ಅನ್ಯಾಯ. ಅಂದಾಜು ವೆಚ್ಚ 8,40,000 ರೂಪಾಯಿ. ಊರಿನವರು ಕೂಡಿಸಿಕೊಟ್ಟದ್ದು 62,000. ಕೂಲಿ ಮಾಡುವವರು, ಎರಡು ಎಕರೆ ರಾಗಿ ಬೆಳೆಯುವವರು ನೂರು ಇನ್ನೂರು ಕೊಟ್ಟು ಕೂಡಿದ ಹಣ. ಅದನ್ನು "ಸೋತು ಸುಣ್ಣವಾದೆವು" ಎಂದು ಬರೆದರೆ ಕೊಟ್ಟವರ ಕೈಯನ್ನೇ ಅವಮಾನಿಸಿದಂತೆ. "ಪಿಟಿಫುಲಿ ಸ್ಮಾಲ್ ಅಮೌಂಟ್" ಎಂದರೂ ಅದೇ ಕಥೆ. ಹಣ ಕೊಡುವವರು ಇಂಥ ಪತ್ರದಲ್ಲಿ ಹುಡುಕುವ ಅಂಶವೇ ಊರಿನ ಪಾಲು. ಇಲ್ಲಿ ದುಃಖವನ್ನು ಪೂರ್ತಿ ತೆಗೆದುಹಾಕಿ ಅಂಕಿಯನ್ನು ತಲೆಯೆತ್ತಿ ನಿಲ್ಲಿಸಬೇಕು: "ದ ವಿಲೇಜ್ ಹ್ಯಾಸ್ ರೇಸ್ಡ್ 62,000 ರುಪೀಸ್."

ಸತ್ತವರ ಮಾತು

ಏಳನೇ ವಾಕ್ಯದಲ್ಲಿ ಮುಖ್ಯಶಿಕ್ಷಕರು "ಎಕ್ಸ್‌ಪೈರ್ಡ್ ಸ್ಯಾಡ್ಲಿ". ಪದ ಕ್ರಿಯೆಯ ಬೆನ್ನಿಗೆ ಬಂದದ್ದರಿಂದ ದುಃಖ ಅವರಿಗೇ ಅಂಟಿಕೊಂಡಿತು. ಕೊರಗಿ ಕೊರಗಿ ಸತ್ತರು ಎಂಬ ಅರ್ಥ ಬಂತು. ತಲೆಗೆ ಒಯ್ದು ಅಲ್ಪವಿರಾಮ ಹಾಕಿದರೆ ದುಃಖ ಊರಿನದಾಗುತ್ತದೆ. "ಎಕ್ಸ್‌ಪೈರ್ಡ್" ನಮ್ಮಲ್ಲಿ ಮರ್ಯಾದೆಯ ಪದ. ಹೊರಗಿನವರಿಗೆ ಅದು ಮೊದಲು ಔಷಧಿಯ ಪಟ್ಟಿಯ ಮೇಲಿನ ತಾರೀಖು ನೆನಪಿಸುತ್ತದೆ. "ಡೈಡ್" ಒರಟಲ್ಲ, ನೇರ. "ಸ್ಯಾಡ್ ಡಿಮೈಸ್" ಎಂಬ ಜೋಡಿಯೂ ಬೇಡ, ಎಲ್ಲ ಶ್ರದ್ಧಾಂಜಲಿ ಫಲಕಗಳಲ್ಲೂ ಬಂದು ಸವೆದಿದೆ.

ವ್ಯವಹಾರದ ಪತ್ರದಲ್ಲಿ ಕ್ರಿಯಾವಿಶೇಷಣವೇ ಇರಬಾರದು, ಎಲ್ಲವನ್ನೂ ಕಿತ್ತುಹಾಕಿ ಎಂದು ಬೋಧಿಸುವವರಿದ್ದಾರೆ. ಅದನ್ನು ಒಪ್ಪಲಾಗದು. ಈ ರಿಪೇರಿಯ ನಕ್ಷೆ ಬರೆಸಿ, ಅಂದಾಜುಪಟ್ಟಿಗಾಗಿ ತಾಲ್ಲೂಕು ಕಚೇರಿಗೆ ಅಲೆದ ಮನುಷ್ಯ ತೀರಿಕೊಂಡದ್ದನ್ನು ಬರೀ ತಾರೀಖಿನಂತೆ ಬರೆದರೆ ಊರು ಕಲ್ಲಾಗಿದೆ ಅನ್ನಿಸುತ್ತದೆ. ಇಡೀ ಪತ್ರದಲ್ಲಿ "ಸ್ಯಾಡ್ಲಿ" ಬರಬೇಕಾದ ಒಂದೇ ಒಂದು ಜಾಗ ಇದು. ಎರಡನೇ ವಾಕ್ಯದಲ್ಲಿ ಮಕ್ಕಳ ಸಂಖ್ಯೆಗೆ ಅದನ್ನು ಖರ್ಚು ಮಾಡಿಬಿಟ್ಟರೆ ಇಲ್ಲಿ ಬರುವಷ್ಟರಲ್ಲಿ ಅದಕ್ಕೆ ಬೆಲೆ ಉಳಿಯುವುದಿಲ್ಲ.

ಮೊದಲ ವಾಕ್ಯದ "ರಿಗ್ರೆಟಬ್ಲಿ"ಗೆ ಹೆಚ್ಚು ಹೊತ್ತು ಬೇಡ. "ರಿಗ್ರೆಟ್‌ಫುಲಿ" ಎಂದರೆ ವಿಷಾದದಿಂದ, ಪಡುವವರ ಭಾವ. "ರಿಗ್ರೆಟಬ್ಲಿ" ಎಂದರೆ ವಿಷಾದನೀಯವಾಗಿ, ಸಂಗತಿಯ ಗುಣ. "ದಿಂದ" ಮತ್ತು "ನೀಯ" ನಡುವಿನ ಈ ಅಂತರ ಕನ್ನಡಿಗರಿಗೆ ಬೆರಳ ತುದಿಯಲ್ಲಿದೆ, ಅದನ್ನೇ ಹಿಡಿದುಕೊಂಡರೆ ಸಾಕು. ಬರೆಯುವಾಗ "ರಿಗ್ರೆಟಬ್ಲಿ"ಗೆ ಎರಡು ಟಿ, "ರಿಗ್ರೆಟ್‌ಫುಲಿ"ಗೆ ಒಂದೇ. ಈ ಪತ್ರದಲ್ಲಿ ಎರಡೂ ಬೇಡ: ಮೊದಲ ಸಾಲಿನಲ್ಲೇ "ರಿಗ್ರೆಟ್" ಕಂಡರೆ ಇಂಗ್ಲಿಷ್ ಓದುಗರು ಇದು ನಿರಾಕರಣೆಯ ಪತ್ರ ಎಂದುಕೊಳ್ಳುತ್ತಾರೆ. ಆ ಪದ ಇಲ್ಲವೆಂದು ಹೇಳುವವರದು, ಕೇಳುವವರದಲ್ಲ.

ತಿದ್ದಿದ ಪತ್ರ

"ಅವರ್ ಸ್ಕೂಲ್ ಹ್ಯಾಸ್ 214 ಚಿಲ್ಡ್ರನ್, 118 ಗರ್ಲ್ಸ್ ಅಂಡ್ 96 ಬಾಯ್ಸ್, ಇನ್ ಕ್ಲಾಸಸ್ 1 ಟು 7. ವಿ ಆಸ್ಕ್ ಫಾರ್ ಯುವರ್ ಹೆಲ್ಪ್ ವಿತ್ ಟಾಯ್ಲೆಟ್ಸ್ ಅಂಡ್ ಎ ರೂಫ್. ವಿ ಹ್ಯಾವ್ ಟೂ ಟಾಯ್ಲೆಟ್ಸ್ ಇನ್ ಯೂಸ್, ವೇರ್ ದ ನಾರ್ಮ್ ಆಸ್ಕ್ಸ್ ಫಾರ್ ಸಿಕ್ಸ್ ಯೂನಿಟ್ಸ್. ದಿಸ್ ಈಸ್ ವೋಫುಲಿ ಇನಾಡಿಕ್ವೇಟ್, ಅಂಡ್ ದ ಓಲ್ಡರ್ ಗರ್ಲ್ಸ್ ಸಫರ್ ಮೋಸ್ಟ್. ಟೂ ರೂಮ್ಸ್ ಲೀಕ್ ಸೋ ಬ್ಯಾಡ್ಲಿ ದಟ್ ಕ್ಲಾಸಸ್ 6 ಅಂಡ್ 7 ಶೇರ್ ಒನ್ ರೂಮ್ ಫ್ರಂ ಜೂನ್ ಟು ಸೆಪ್ಟೆಂಬರ್, ಅಂಡ್ ದೇರ್ ಟೀಚರ್ಸ್ ಸ್ಟ್ರಗಲ್ ಟು ಬಿ ಹರ್ಡ್. ಲಾಸ್ಟ್ ಜುಲೈ, ಫಾಲಿಂಗ್ ಪ್ಲಾಸ್ಟರ್ ಕಟ್ ಎ ಬಾಯ್ಸ್ ಫೋರ್‌ಹೆಡ್. ಹಿ ನೀಡೆಡ್ ತ್ರೀ ಸ್ಟಿಚಸ್. ಸ್ಯಾಡ್ಲಿ, ದ ಹೆಡ್‌ಮಾಸ್ಟರ್ ಹೂ ಪ್ಲಾನ್ಡ್ ದೀಸ್ ರಿಪೇರ್ಸ್ ಡೈಡ್ ಇನ್ ನವೆಂಬರ್. ದ ವಿಲೇಜ್ ಹ್ಯಾಸ್ ರೇಸ್ಡ್ 62,000 ರುಪೀಸ್ ಟುವರ್ಡ್ಸ್ ಆನ್ ಎಸ್ಟಿಮೇಟ್ ಆಫ್ 8,40,000. ವಿ ಆಸ್ಕ್ ಯೂ ಟು ಹೆಲ್ಪ್ ವಿತ್ ದ ರಿಮೇನಿಂಗ್ 7,78,000."

ಒಂಬತ್ತು ದುಃಖದ ಪದಗಳ ಜಾಗದಲ್ಲಿ ಈಗ ಮೂರೇ ಇವೆ. "ವೋಫುಲಿ" ಅಂಕಿಯ ಹೆಗಲ ಮೇಲಿದೆ, "ಬ್ಯಾಡ್ಲಿ"ಗೆ ಪರಿಣಾಮದ ಆಸರೆ ಇದೆ, "ಸ್ಯಾಡ್ಲಿ"ಗೆ ಒಬ್ಬ ಮನುಷ್ಯ ಇದ್ದಾನೆ. ಯಾವ ಪದವೂ ಎರಡು ಸಲ ಬಂದಿಲ್ಲ. ಒಂದು ಪುಟದ ಪತ್ರಕ್ಕೆ ಮೂರೇ ಮಿತಿ ಎಂದಿಟ್ಟುಕೊಂಡರೆ ಕೈ ತಾನಾಗಿ ಬಿಗಿಯಾಗುತ್ತದೆ.

ಪತ್ರಕ್ಕೆ ಉತ್ತರ ಬಂದರೆ ಕಂಪನಿಯವರು ಶಾಲೆ ನೋಡಲು ಬರುತ್ತಾರೆ, ಆಗ ಇದನ್ನೇ ಬಾಯಲ್ಲಿ ಹೇಳಬೇಕಾಗುತ್ತದೆ. "ವೋಫುಲಿ"ಯ ಒತ್ತು ಮೊದಲ ಅಕ್ಷರದ ಮೇಲೆ. "ವೋ" ಹೇಳುವಾಗ ತುಟಿ ದುಂಡಗಾಗಬೇಕು, ಹಲ್ಲು ಕೆಳದುಟಿಗೆ ತಾಗಬಾರದು. "ಗ್ರೀವಸ್ಲಿ"ಯಲ್ಲಿ ಮೂರೇ ಉಚ್ಚಾರಾಂಶ, ನಡುವೆ "ವಿಯ" ಸೇರಿಸಿ "ಗ್ರೀವಿಯಸ್ಲಿ" ಮಾಡುವುದು ನಮ್ಮಲ್ಲಿ ಸಾಮಾನ್ಯ. ಪತ್ರದಲ್ಲಿ ಅದು ಹೋಗಿರುವುದರಿಂದ ಬಾಯಲ್ಲೂ ಬೇಡ. "ಲ್ಯಾಮೆಂಟಬ್ಲಿ" ಹೇಳಲೇಬೇಕಾಗಿ ಬಂದರೆ ಬ್ರಿಟಿಷ್ ರೂಢಿಯಲ್ಲಿ ಒತ್ತು "ಲ್ಯಾ" ಮೇಲೆ, ಅಮೆರಿಕದಲ್ಲಿ "ಮೆನ್" ಮೇಲೆ ಬೀಳುವುದು ಹೆಚ್ಚು, ಎರಡೂ ನಡೆಯುತ್ತದೆ. ಇಂಗ್ಲಿಷ್ ಬಾಯಿಗೆ ಬಾರದವರು ಆ ಹೊತ್ತಿಗೆ "ಆರು ಇರಬೇಕಾಗಿತ್ತು ಸಾರ್, ಎರಡು ಇವೆ" ಎಂದು ಕನ್ನಡದಲ್ಲೇ ಹೇಳಿ ಬಾಗಿಲಿಲ್ಲದ ಮೂರನೆಯದನ್ನು ತೋರಿಸಿದರೂ ಆಯಿತು. ಪತ್ರದ ಜೊತೆಗೆ ಒಂದು ಕನ್ನಡ ಪ್ರತಿಯನ್ನೂ ಲಗತ್ತಿಸಿ, ಅದರ ಕೆಳಗೆ 62,000 ಕೂಡಿಸಿದವರೆಲ್ಲರ ಸಹಿ, ಹೆಬ್ಬೆಟ್ಟು ಹಾಕಿಸಬೇಕು.